ಪೇಟೆಂಟ್‌ನಲ್ಲಿ ಜಾಗ ಸಿಗದವರಿಗೆ

ಒಂದೇ ಕೈಯಲ್ಲಿ ಬಾಟಲಿ ತೆಗೆಯಲು ನಾವು ಮಾಡಿದ ಹಿಡಿಕೆಗೆ ಪೇಟೆಂಟ್ ಮಂಜೂರಾಗಿದೆ. ಅದೇ ವಾರ ಈ ಪುಟ್ಟ ಕಂಪನಿ ತನ್ನ ಸಾಲದ ಕೊನೆಯ ಕಂತನ್ನೂ ಕಟ್ಟಿ ಮುಗಿಸಿತು. ಫೋನ್ ಮಾಡಿ ಖುಷಿಪಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಡಿಕೆಯ ಕಥೆ ನಿಮಗೆಲ್ಲ ಗೊತ್ತಿರೋದೇ, ಅದನ್ನು ಮತ್ತೆ ಹೇಳುವುದಿಲ್ಲ.

ಪೇಟೆಂಟ್ ಪತ್ರದಲ್ಲಿ ಆವಿಷ್ಕಾರಕ ಅನ್ನೋ ಜಾಗದಲ್ಲಿ ನನ್ನ ಹೆಸರೊಂದೇ ಇದೆ. ಕಾನೂನಿನ ಪ್ರಕಾರ ಅದು ಸರಿಯೇ. ಉಪಾಯ ಹೊಳೆದವರಿಗೆ ಮಾತ್ರ ಅಲ್ಲಿ ಜಾಗ. ಅದನ್ನು ಕೈಯಾರೆ ಮಾಡಿಕೊಟ್ಟವರು ಎಷ್ಟೇ ನಿಪುಣರಾಗಿರಲಿ, ಅಲ್ಲಿ ಬರುವುದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ಯಾರಿಗೂ ತೋರಿಸೋ ಮುಂಚೆ ಅರ್ಜಿ ಹಾಕು" ಎಂದು ಹಠ ಹಿಡಿದ ವಕೀಲ ಗೆಳತಿಗೆ, ಲೆಕ್ಕಪತ್ರ ನೋಡಿಕೊಂಡ ಅತ್ತಿಗೆಗೆ, ರಜೆ ಹಾಕಿ ಪ್ಯಾಕಿಂಗ್‌ಗೆ ಬಂದ ಗೆಳೆಯರಿಗೆ, ಹಣ ತಡವಾದರೂ ಸಾಮಾನು ಕೊಟ್ಟವರಿಗೆ ನನ್ನ ನಮಸ್ಕಾರ. ಗೆಳತಿಯ ಹಠದ ಬೆಲೆ ಆಮೇಲೆ ತಿಳಿಯಿತು. ಮೊದಲೇ ಜನರ ಮುಂದೆ ಇಟ್ಟ ವಸ್ತು ಬಹಳಷ್ಟು ದೇಶಗಳಲ್ಲಿ ಹೊಸದು ಅನ್ನಿಸಿಕೊಳ್ಳುವುದೇ ಇಲ್ಲ. ಮೊದಲು ಅರ್ಜಿ ಹಾಕಿದ್ದರಿಂದ, 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಬೇರೆ ದೇಶಗಳಲ್ಲಿ ಅರ್ಜಿ ಹಾಕಲು 12 ತಿಂಗಳು ಸಿಕ್ಕಿತು. ಪೇಟೆಂಟ್‌ನ 20 ವರ್ಷದ ಎಣಿಕೆ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಮಂಜೂರಾದ ದಿನದಿಂದ ಅಲ್ಲ. ಕಾಯುವುದರಲ್ಲೇ ಎಷ್ಟೋ ಕಾಲ ಹೋಯಿತು. ಆ ಕಾಲದಲ್ಲಿ ನಮ್ಮನ್ನು ನಡೆಸಿದ್ದು ಪೇಟೆಂಟ್ ಅಲ್ಲ, ನೀವು.

ಅಪ್ಪನ ಬಗ್ಗೆ ಎರಡು ಮಾತು. ಒಂದೇ ಕೈಯಲ್ಲಿ ಬಾಟಲಿ ತೆಗೆಯಬೇಕಾದವರಿಗೆ ಇದು ಬೇಕು ಎಂದು ನನಗೆ ಹೊಳೆದಿದ್ದೇ ಅವರನ್ನು ನೋಡಿ. ಆದರೂ ಒಂದು ದಿನವೂ ಸುಮ್ನೆ ಹೊಗಳಲಿಲ್ಲ. "ಜಾರುತ್ತೆ" ಅನ್ನೋರು, ಪಕ್ಕಕ್ಕಿಡೋರು. ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದಾಗ ಆ ಒಂದು ಮಾತೇ ಹಿಡಿಕೆಯನ್ನು ಸುಧಾರಿಸಿದ್ದು. ಹೊಸದಾಗಿ ಏನಾದರೂ ಮಾಡಲು ಹೊರಟವರು ನನ್ನನ್ನು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಆ ವಸ್ತು ನಿಜಕ್ಕೂ ಬೇಕಾಗಿರುವ ಒಬ್ಬರ ಕೈಗೆ ಕೊಡಿ, ಮಾತಾಡದೆ ನೋಡಿ.

ಇನ್ನು ಒಂದು ರಾತ್ರಿಯ ವಿಷಯ. ಮೊದಲ ದೊಡ್ಡ ಆರ್ಡರ್ ಮಾರನೇ ದಿನ ಹೋಗಬೇಕಿತ್ತು. ಹಿಡಿಕೆಯ ನೈಲಾನ್ ಕ್ಲಿಪ್‌ಗಳು ಒಂದಾದ ಮೇಲೊಂದು ಬುಡದಲ್ಲೇ ಸೀಳುತ್ತಿದ್ದವು. ಒತ್ತಿದರೆ ಸಾಕು, ಟಕ್ ಅನ್ನೋ ಸದ್ದು. ಜೊತೆಗಿದ್ದವರು ಏನು ಹೇಳಬೇಕೆಂದು ತೋಚದೆ ಮನೆಗೆ ಹೋದರು. ಅವರ ಮೇಲೆ ನನಗೆ ಒಂಚೂರೂ ಬೇಸರವಿಲ್ಲ.

ನಾನು ಫೋನ್ ಮಾಡಿದ್ದು, ಕರಗಿದ ನೈಲಾನ್ ಪ್ಲಾಸ್ಟಿಕ್ ತುಂಬಿ ಕ್ಲಿಪ್ ತೆಗೆಯುವ ಉಕ್ಕಿನ ಅಚ್ಚು ಮಾಡಿಕೊಟ್ಟ ಅಣ್ಣನಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಅಣ್ಣ ಎಂದೇ ಬರೆಯುತ್ತೇನೆ. ಅವರಿಗೆ ಕೊಡಬೇಕಾದ ಹಣ ಇನ್ನೂ ಬಾಕಿ ಇತ್ತು. ಅದರ ಮಾತೇ ಎತ್ತಲಿಲ್ಲ. "ಒಡೆದಿದ್ದನ್ನ ಒಂದೂ ಬಿಸಾಡ್ಬೇಡ, ಬರ್ತೀನಿ" ಅಂದರು.

ಬಂದವರು ಒಡೆದ ತುಂಡುಗಳನ್ನು ದೀಪದ ಕೆಳಗೆ ಸಾಲಾಗಿ ಇಟ್ಟುಕೊಂಡರು. ಎಲ್ಲವೂ ಒಂದೇ ಜಾಗದಲ್ಲಿ ಸೀಳಿದ್ದವು. ಕ್ಲಿಪ್‌ನ ತೋಳು ಬುಡಕ್ಕೆ ಸೇರುವ ಒಳಮೂಲೆ. ಅದು ಚೂಪಾಗಿದ್ದರಿಂದ ಬಾಗಿಸಿದಾಗ ಒತ್ತಡವೆಲ್ಲ ಆ ಒಂದು ಗೆರೆಯ ಮೇಲೇ ಬೀಳುತ್ತಿತ್ತು. ಹೊಸ ಅಚ್ಚೇ ಬೇಕಾಗುತ್ತೇನೋ ಅಂತ ನನಗೆ ಭಯ. ಅಣ್ಣ ತಲೆ ಅಲ್ಲಾಡಿಸಿದರು. "ಪ್ಲಾಸ್ಟಿಕ್‌ನಲ್ಲಿ ಒಳಮೂಲೆ ಅಂದ್ರೆ ಅಚ್ಚಲ್ಲಿ ಹೊರ ಅಂಚು. ಉಕ್ಕು ತೆಗೆಯೋದು ಸುಲಭ. ಸೇರಿಸೋದಾಗಿದ್ರೆ ಕಷ್ಟ ಇತ್ತು."

ಮಷೀನಿನಿಂದ ಅಚ್ಚು ಇಳಿಸಿ, ಬಿಚ್ಚಿ, ಎಣ್ಣೆ ಹಚ್ಚಿದ ಸಾಣೆಕಲ್ಲಿನಿಂದ ಆ ಅಂಚನ್ನು ಉಜ್ಜಲು ಕೂತರು. ಸ್ವಲ್ಪ ಉಜ್ಜುವುದು, ಬಟ್ಟೆಯಲ್ಲಿ ಒರೆಸುವುದು, ಉಗುರು ಆಡಿಸಿ ನೋಡುವುದು. ಅಳತೆ ನೋಡುವ ಗೇಜ್ ಜೇಬಿನಲ್ಲೇ ಇತ್ತು. ಉಗುರಿಗೆ ಸಮಾಧಾನವಾದ ಮೇಲಷ್ಟೇ ಅದನ್ನು ಹೊರತೆಗೆದರು. ಪ್ಲಾಸ್ಟಿಕ್ ಎಷ್ಟು ದಪ್ಪವೋ ಅದರ ಅರ್ಧದಷ್ಟಾದರೂ ಮೂಲೆ ದುಂಡಗಿರಬೇಕು ಅನ್ನೋದು ಅವರ ಲೆಕ್ಕ.

ಅಷ್ಟಕ್ಕೇ ಬಿಡಲಿಲ್ಲ. ನೈಲಾನ್ ಗ್ರ್ಯಾನ್ಯೂಲ್ಸ್, ಅಂದರೆ ಕಚ್ಚಾ ಪ್ಲಾಸ್ಟಿಕ್ ಕಾಳು, ಕರಗಿಸುವ ಮುಂಚೆ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಪೀಸ್ ದುರ್ಬಲವಾಗುತ್ತದೆ. ಅಚ್ಚಿನಿಂದ ಹೊರಬಂದ ಮೇಲೆ ಉಲ್ಟಾ. ಒಣಗಿದ ಹೊಸ ಪೀಸ್ ಗಡುಸು, ಆದರೆ ಬೇಗ ಒಡೆಯುತ್ತದೆ. ತೇವ ಹೀರಿಕೊಂಡ ಮೇಲೇ ಅದಕ್ಕೆ ಬಾಗುವ ಗುಣ ಬರೋದು. ಗಾಳಿಗೆ ಬಿಟ್ಟರೆ ತುಂಬಾ ದಿನ ಬೇಕು, ನಮಗೆ ಅಷ್ಟು ಪುರುಸೊತ್ತು ಇರಲಿಲ್ಲ. ಅಣ್ಣ ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಇಡಿಸಿ, ತಿದ್ದಿದ ಅಚ್ಚಿನಿಂದ ತೆಗೆದ ಹೊಸ ಕ್ಲಿಪ್‌ಗಳನ್ನೆಲ್ಲ ಅದರಲ್ಲಿ ಮುಳುಗಿಸಿಟ್ಟರು. ನೀರು ಹೀರಿದ ನೈಲಾನ್ ಸ್ವಲ್ಪ ಉಬ್ಬುತ್ತದೆ, ಅದಕ್ಕೇ ಪ್ರತಿಯೊಂದನ್ನೂ ಜೋಡಿಸಿ ನೋಡಿದೆವು. ಬೆಳಗಾಗುವ ಹೊತ್ತಿಗೆ ಕ್ಲಿಪ್‌ಗಳು ಬಾಗುತ್ತಿದ್ದವು, ಸೀಳುತ್ತಿರಲಿಲ್ಲ.

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಅಣ್ಣ ಬರುವ ಮುಂಚೆ ಡಬ್ಬಗಳ ನಡುವೆ ನೆಲದ ಮೇಲೆ ಕೂತು ಅತ್ತಿದ್ದೇನೆ. ಆರ್ಡರ್ ಕೈತಪ್ಪಿತಲ್ಲ ಅಂತಲ್ಲ. ಅಪ್ಪನಿಗೆ ಏನು ಹೇಳೋದು ಅಂತ. ಅಣ್ಣ ಬರದಿದ್ದರೆ ಬೆಳಗ್ಗೆ ಬೀಗ ಹಾಕಿಬಿಡುತ್ತಿದ್ದೆ. ಅಳು ಮುಖ ಅವರಿಗೆ ಕಂಡಿರಲೇಬೇಕು. ಏನೂ ಕೇಳಲಿಲ್ಲ. ಕೈಗೆ ಒಂದು ಬಟ್ಟೆ ಕೊಟ್ಟು "ಇದನ್ನ ಒರೆಸು" ಎಂದು ಅಚ್ಚಿನ ಕಡೆ ತೋರಿಸಿದರು. ಅವತ್ತು ನನಗೆ ಬೇಕಿದ್ದುದು ಅದೇ, ಮಾಡೋಕೆ ಒಂದು ಕೆಲಸ.

ಝೆರಾಕ್ಸ್ ಅಂದರೆ ಅದನ್ನು ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಹೆಸರು ಬರುತ್ತದೆ. 1938ರ ಅಕ್ಟೋಬರ್ 22ರಂದು ಆ ಮೊದಲ ಪ್ರತಿ ಮೂಡಿದಾಗ, ಸತುವಿನ ತಗಡಿಗೆ ಗಂಧಕ ಬಳಿದು ಸಿದ್ಧ ಮಾಡಿದ್ದು ಅವರ ಸಹಾಯಕ ಒಟ್ಟೋ ಕೊರ್ನೈ. ಉಪಾಯ ಕಾರ್ಲ್‌ಸನ್ ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಕಚೇರಿಗಳಲ್ಲಿ ಮನೆಮಾತಾದ ಝೆರಾಕ್ಸ್ 914 ಮಷೀನು ಬಂದಿದ್ದು 1959ರಲ್ಲಿ. ಅಷ್ಟು ಹೊತ್ತಿಗೆ ಕೊರ್ನೈ ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಕಾರ್ಲ್‌ಸನ್ ಮಾತ್ರ ಮರೆಯಲಿಲ್ಲ, ಮುಂದೆ ಅವರಿಗೆ ಕಂಪನಿಯ ಷೇರುಗಳನ್ನು ಕೊಟ್ಟರು. ಇದನ್ನು ಓದಿದ ದಿನದಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ.

ಹಾಗಾಗಿ ಅಣ್ಣನಿಗೆ ಕಂಪನಿಯಲ್ಲಿ ಪಾಲು ತಗೊಳ್ಳಿ ಎಂದು ಕೇಳಿದೆ. ಬೇಡ ಬೇಡ ಅಂದರು. ಮನೆಯವರೆಲ್ಲ ಸೇರಿ ಒತ್ತಾಯ ಮಾಡಿದ ಮೇಲೆ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಯಾವ ಡ್ರಾಯಿಂಗ್ ಆದರೂ ಉಕ್ಕು ಕೊರೆಯುವ ಮುಂಚೆ ಅವರ ಮೇಜಿಗೆ ಬರಬೇಕು. ಎರಡನೇ ಅಚ್ಚಿನ ಡ್ರಾಯಿಂಗ್ ಈಗ ಅಲ್ಲೇ ಇದೆ.

ಆ ರಾತ್ರಿಗೂ ಮುಂಚೆ ನಮ್ಮಿಂದ ಹಿಡಿಕೆ ತಗೊಂಡವರು ನಿಮ್ಮಲ್ಲಿ ಕೆಲವರಿದ್ದೀರಿ. ದಯವಿಟ್ಟು ಕ್ಲಿಪ್‌ನ ಬುಡ ಒಮ್ಮೆ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ನನಗೆ ತಿಳಿಸಿ, ಹೊಸದು ಕಳಿಸಿಕೊಡುತ್ತೇನೆ.