ಬೇಸಿಗೆಯ ಎಣಿಕೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ವಲಸೆ ಹಕ್ಕಿಗಳು ಹೊರಡುವುದು ಚಳಿಗಾಲಕ್ಕಲ್ಲವೇ, ನಡುಬೇಸಿಗೆಯಲ್ಲಿ ಸರೋವರದ ದಡದಲ್ಲಿ ನೀನು ಎಣಿಸುವುದಾದರೂ ಏನನ್ನು ಎಂದು ಕೇಳಿದ್ದೀಯೆ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ನಮ್ಮ ಬೇಸಿಗೆ ಇನ್ನೂ ಅರ್ಧವಿರುವಾಗಲೇ ಆ ಹಕ್ಕಿಗಳ ಪಾಲಿಗೆ ಅದು ಮುಗಿದಿರುತ್ತದೆ. ಉತ್ತರ ಧ್ರುವದ ಸುತ್ತಲಿನ ಮರಗಳಿಲ್ಲದ ಬಯಲಾದ ಆರ್ಕ್ಟಿಕ್ ಟಂಡ್ರಾದಲ್ಲಿ ಜೂನ್‌ನಲ್ಲಿ ಮೊಟ್ಟೆಯಿಟ್ಟ ಸ್ಯಾಂಡ್‌ಪೈಪರ್ ಎಂಬ ದಡಹಕ್ಕಿಗಳು ಜುಲೈನಲ್ಲೇ ದಕ್ಷಿಣಕ್ಕೆ ಹೊರಟು, ದಾರಿಯ ಸರೋವರಗಳ ಮರಳದಂಡೆಗಳಲ್ಲಿ ಇಳಿಯತೊಡಗುತ್ತವೆ. ಹಲವು ಜಾತಿಗಳಲ್ಲಿ ಹೆಣ್ಣು, ಮರಿಗಳ ಕಾವಲನ್ನು ಗಂಡಿಗೆ ಬಿಟ್ಟು ಮೊದಲು ಹೊರಡುತ್ತದೆ. ಮರಿಗಳು ವಾರಗಳ ಅನಂತರ, ಹಿಂದೆಂದೂ ಕಾಣದ ದಾರಿಯಲ್ಲಿ, ಬಹುಪಾಲು ಹಿರಿಯರ ಜೊತೆಯಿಲ್ಲದೆ ಬರುತ್ತವೆ. ಎಷ್ಟು ವರ್ಷ ಕಂಡರೂ ಈ ಸಂಗತಿ ನನಗೆ ಹಳತಾಗಿಲ್ಲ.

ಆದ್ದರಿಂದಲೇ ನನ್ನ ಎಣಿಕೆಯ ಪುಸ್ತಕದಲ್ಲಿ ಒಟ್ಟು ಸಂಖ್ಯೆಗಿಂತ ವಯಸ್ಸಿನ ಕಾಲಮ್ಮಿಗೆ ಬೆಲೆ ಹೆಚ್ಚು. ಹಿರಿಯ ಹಕ್ಕಿಯ ಗರಿಗಳು ಸವೆದು ಮಾಸಿರುತ್ತವೆ. ಮರಿಯ ಬೆನ್ನಿನ ಹೊಸ ಗರಿಗಳಿಗೆ ತೆಳುಬಣ್ಣದ ಅಂಚಿದ್ದು, ಮೀನಿನ ಹುರುಪೆ ಜೋಡಿಸಿದಂತೆ ಕಾಣುತ್ತದೆ. ಟಂಡ್ರಾದಲ್ಲಿ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಕಡಿಮೆಯಾದ ವರ್ಷ ಹಸಿದ ನರಿಗಳು ಹಕ್ಕಿಗಳ ಮೊಟ್ಟೆ ಮರಿಗಳ ಮೇಲೆ ಬೀಳುವುದುಂಟು. ಅಂಥ ಏಟಿನ ಸುಳಿವು ಸಾವಿರಾರು ಕಿಲೋಮೀಟರ್ ಈಚೆಗೆ, ಆಗಸ್ಟ್ ಕೊನೆಯಲ್ಲಿ ಮರಿಗಳ ಕಾಲಮ್ಮು ಬಡವಾಗಿರುವುದರಲ್ಲಿ ಸಿಗಬಹುದು.

ಕೆಲಸವೇನೋ ಸರಳ. ಈಜುವವರೂ ನಾಯಿಗಳೂ ಬರುವ ಮೊದಲು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಅದೇ ದಡದ ಅದೇ ಉದ್ದವನ್ನು ನಿಧಾನವಾಗಿ ನಡೆಯಬೇಕು. ದಡಕ್ಕೆ ಬಿದ್ದ ಪಾಚಿಯ ಸಾಲನ್ನು ಮಾತ್ರ ಅವಸರದಲ್ಲಿ ದಾಟಬಾರದು, ಅದರೊಳಗಿನ ಹುಳುಗಳಿಗಾಗಿಯೇ ಹಕ್ಕಿಗಳು ಅಲ್ಲಿ ಸೇರುತ್ತವೆ. (ಅದನ್ನು ಕಸವೆಂದು ಗುಡಿಸಿಹಾಕಿದ ದಡ ನಮಗೆ ಚೆಂದ, ಅವಕ್ಕೆ ಬರಿದಾದ ತಟ್ಟೆ.) ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ, ಮರಳಿದಾಗ ಓಡಿಬರುವ ಸ್ಯಾಂಡರ್ಲಿಂಗ್ ಎಂಬ ಪುಟ್ಟ ಸ್ಯಾಂಡ್‌ಪೈಪರ್‌ಗಳನ್ನು ಒಂದೊಂದಾಗಿ ಎಣಿಸಹೊರಟರೆ ಲೆಕ್ಕ ತಪ್ಪುವುದು ಖಂಡಿತ, ಹತ್ತರ ಗುಂಪನ್ನು ಕಣ್ಣಲ್ಲಿ ಅಳೆದು, ಅಂಥವೆಷ್ಟಿವೆ ಎಂದು ನೋಡುವುದೇ ಮೇಲು.

1974ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ದಡಹಕ್ಕಿ ಗಣತಿಯಲ್ಲಿ ಸ್ವಯಂಸೇವಕರು ವಲಸೆಯ ಕಾಲದಲ್ಲಿ ಸುಮಾರು ಹತ್ತು ದಿನಕ್ಕೊಮ್ಮೆ ಅದೇ ಜಾಗವನ್ನು ಎಣಿಸುತ್ತ ಬಂದಿದ್ದಾರೆ. ನಾನೂ ಅದೇ ಕ್ರಮವನ್ನು ಹಿಡಿದಿದ್ದೇನೆ. ಕಳೆದ ವಾರ ಎರಡು ಗಂಟೆ ನಡೆದರೂ ಒಂದು ಹಕ್ಕಿಯೂ ಕಾಣಲಿಲ್ಲ. ಸೊನ್ನೆ ಎಂದು ಬರೆದು, ಪಕ್ಕದಲ್ಲಿ ಗಾಳಿಯ ದಿಕ್ಕನ್ನು ನಮೂದಿಸಿ ಮರಳಿದೆ.

ನಿನ್ನ
ಗೆಳೆಯ