ಪಾದ್ರಿಯ ಎದೆಯ ಮೇಲಿನ ಕೈ

ಚಿ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರ್ತಾಳೆ, ಬಿಡು. ನಿನ್ನ ಕಾಗದದಲ್ಲಿ ಹಾಸ್ಟೆಲ್ ಊಟ, ಪರೀಕ್ಷೆ ಎಲ್ಲ ಓದಿಕೊಂಡು ಬಂದವಳು ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. 'ಸ್ಕಾರ್ಲೆಟ್ ಲೆಟರ್ ಕಾದಂಬರಿ ಓದಿದೆ ಅತ್ತೆ. ಎಲ್ಲರಿಗೂ ಹೆಸ್ಟರ್ ಇಷ್ಟ, ನನಗೆ ಮಾತ್ರ ಡಿಮ್ಸ್‌ಡೇಲ್ ಅರ್ಥವಾಗ್ತಾನೆ.' ಯಾಕೆ ಪುಟ್ಟಿ?

ಹೆಸ್ಟರ್ ಅಂದಿದ್ದರೆ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಗಂಡನಲ್ಲದವನಿಂದ ಮಗು ಹೆತ್ತಳು ಅಂತ ಬಾಸ್ಟನ್ನಿನ ಪ್ಯೂರಿಟನ್ನರು, ಆ ಕಟ್ಟಾ ಮಡಿವಂತ ಕ್ರೈಸ್ತರು, ಅವಳ ಎದೆಗೆ ವ್ಯಭಿಚಾರದ ಗುರುತಾಗಿ ಕೆಂಪು 'ಎ' ಹಚ್ಚಿಸಿ, ಕೂಸಿನ ಸಮೇತ ಊರೆದುರು ಶಿಕ್ಷೆಯ ಕಟ್ಟೆ ಹತ್ತಿಸಿ ನಿಲ್ಲಿಸಿದರು. ಅವಳು ಆ ಅಕ್ಷರಕ್ಕೇ ಚಿನ್ನದ ದಾರದ ಕಸೂತಿ ಹಾಕಿಕೊಂಡಳು! ಆ ಸೂಜಿಯಿಂದಲೇ ಹೊಟ್ಟೆ ಹೊರೆದಳು. ಗವರ್ನರನ ಉಡುಪಿಗೂ ಅವಳದೇ ಕಸೂತಿ. ಮದುಮಗಳ ಮುಸುಕು ಮಾತ್ರ ಅವಳ ಕೈಲಿ ಹೊಲಿಸಲಿಲ್ಲ, ನೋಡು ಅವರ ಮಡಿ. ಬರುಬರುತ್ತಾ ಅದೇ ಜನ ಆ 'ಎ'ಗೆ 'ಏಬಲ್', ಸಮರ್ಥೆ ಅಂತ ಅರ್ಥ ಹೇಳತೊಡಗಿದರು.

ಆ ಕೂಸಿನ ತಂದೆ, ನಿನ್ನ ಪಾದ್ರಿ ಡಿಮ್ಸ್‌ಡೇಲ್‌ನದು ಹಾಗಲ್ಲ. ಪೀಠದಲ್ಲಿ ನಿಂತು 'ನಾನು ಮಹಾಪಾಪಿ' ಅಂತಾನೆ, ಯಾವ ಪಾಪ ಅಂತ ಬಾಯಿಬಿಡಲ್ಲ. ಎಂಥ ವಿನಯ ಅಂತ ಜನ ಇನ್ನಷ್ಟು ಕೈಮುಗೀತಾರೆ. ಬಾಗಿಲು ಹಾಕಿಕೊಂಡು ಚಾವಟಿಯಿಂದ ತನಗೇ ಹೊಡಕೋತಾನೆ. ಕಟ್ಟೆ ಹತ್ತೋದೂ ರಾತ್ರಿ ಹೊತ್ತು. ಏಳು ವರ್ಷ ಎದೆ ಮೇಲೆ ಕೈ. ಹಗಲಲ್ಲಿ ಎಲ್ಲರೆದುರು ಹೇಳಿದ ದಿನವೇ ಪ್ರಾಣ ಹೋಯಿತು. ಇವನು ಅರ್ಥವಾಗ್ತಾನೆ ಅಂದರೆ ನಾನು ಏನಂದುಕೊಳ್ಳಲಿ?

ಬಿ.ಎ. ಎರಡನೇ ವರ್ಷ ಫೇಲಾದದ್ದನ್ನು ನಾನು ನಿನ್ನಜ್ಜನಿಗೆ ಹೇಳಲೇ ಇಲ್ಲ. ಮನೆಗೆ ಬಂದವರೆದುರು 'ನಮ್ಮ ಹುಡುಗಿ ಓದಿನಲ್ಲಿ ಮುಂದು' ಅನ್ನೋರು. ನಾನು ಒಳಗೆ ಕಾಫಿ ಲೋಟ ತೊಳೀತಾ ಕೇಳಿಸಿಕೊಳ್ಳುತ್ತಿದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ. ಆಮೇಲೆ ಪಾಸಾದೆ, ಕೆಲಸಾನೂ ಸಿಕ್ಕಿತು. ಹೇಳೋಣ ಅನ್ನುವಷ್ಟರಲ್ಲಿ ಅವರೇ ಹೋದರು. ಬೈತಿದ್ದರೋ, ನಗ್ತಿದ್ದರೋ.

ಆ ಪುಸ್ತಕ ಬರೆದ ಹಾಥಾರ್ನ್‌ನೇ ನೋಡು. ಅವನ ವಂಶದವನೊಬ್ಬ 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಡೆದ ಮಾಟಗಾತಿಯರ ವಿಚಾರಣೆಯಲ್ಲಿ ನ್ಯಾಯಾಧೀಶನಾಗಿದ್ದ. ಹಿರಿಯರ ಆ ನಾಚಿಕೆ ನನ್ನ ಮೇಲಿರಲಿ ಅಂತ 1850ರಲ್ಲಿ ಈ ಪುಸ್ತಕದ ಮೊದಲಲ್ಲೇ ಅಚ್ಚು ಹಾಕಿಸಿದ.

ನೀನು ಕಟ್ಟೆ ಹತ್ತು ಅಂತ ನಾನು ಹೇಳ್ತಿಲ್ಲ, ಮಾರಾಯ್ತಿ. ಒಬ್ಬರಿಗೆ ಹೇಳು ಸಾಕು, ಅದು ನಾನೇ ಆಗಬೇಕೂಂತಿಲ್ಲ. ರಾತ್ರಿ ಊಟ ಬಿಡಬೇಡ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ. ಬರೀ ಪುಸ್ತಕದ ಮಾತೇ ಆಗಿದ್ದರೆ ಅತ್ತೆಗೆ ಅರಳುಮರುಳು ಅಂತ ನಕ್ಕುಬಿಡು. ಆಗಿರದಿದ್ದರೆ ಭಾನುವಾರ ಮಧ್ಯಾಹ್ನ ಫೋನ್ ಮಾಡು. ಮಾವ ಮಲಗಿರ್ತಾರೆ, ನಾನೇ ಎತ್ತಿಕೊಳ್ತೀನಿ.

ನಿನ್ನ ಅತ್ತೆ