ತಳ್ಳಿಕೊಂಡು ಹೋದವಳು ನಾನೇ

ಪ್ರೀತಿಯ ಅಪ್ಪ, ಅಮ್ಮನಿಗೆ,

ಭಾನುವಾರ ಫೋನ್ ಯಾಕೆ ಎತ್ತಲ್ಲ ಅಂತ ಅಮ್ಮ ಮೊನ್ನೆ ಕೇಳಿದಾಗ ಏನೋ ಹೇಳಿ ತೇಲಿಸಿಬಿಟ್ಟೆ. ಫೋನಿನಲ್ಲಿ ಹೇಳಿದರೆ ಅಪ್ಪ ನಡುವೆಯೇ ವಾದ ಶುರು ಮಾಡ್ತಾರೆ. ಪತ್ರವಾದರೆ ಕೊನೆವರೆಗೂ ಓದಲೇಬೇಕು, ಅಲ್ವಾ? ನಾನು ಚರ್ಚಿಗೆ ಹೋಗುತ್ತಿದ್ದೇನೆ. ಏಸುವನ್ನು ನಂಬುತ್ತೇನೆ.

ಯಾರು ಎಳೆದುಕೊಂಡು ಹೋದರು ಅನ್ನೋದು ಅಪ್ಪನ ಮೊದಲ ಪ್ರಶ್ನೆ. ಯಾರೂ ಎಳೆಯಲಿಲ್ಲ. ತಳ್ಳಿಕೊಂಡು ಹೋದವಳು ನಾನೇ. ಕೆಳಗಿನ ಮನೆಯ ಅಜ್ಜಿಯದು ವೀಲ್‌ಚೇರ್. ಅವರನ್ನು ಚರ್ಚಿಗೆ ಕರೆದೊಯ್ಯುತ್ತಿದ್ದವರು ಬೇರೆ ಊರಿಗೆ ಹೋದರು. ಒಂದೆರಡು ವಾರ ತಾನೇ ಅಂತ ಒಪ್ಪಿಕೊಂಡೆ. ಅಜ್ಜಿಗೆ ಕಣ್ಣು ಮಂಜು. ಹಾಗಾಗಿ ಪ್ರಾರ್ಥನೆಯ ಪುಸ್ತಕ ಹಿಡಿದು ಅವರ ಕಿವಿಯ ಹತ್ತಿರ ಓದುವ ಕೆಲಸವೂ ನನ್ನದೇ ಆಯಿತು. ಇಂಗ್ಲೆಂಡಿನ ಚರ್ಚಿನ 1662ರ ಪುಸ್ತಕ, ಹಳೇ ಇಂಗ್ಲಿಷು. ಅಷ್ಟೂ ಅವರಿಗೆ ಬಾಯಿಪಾಠ ಅಂತ ಗೊತ್ತಾಗಿದ್ದು ಆಮೇಲೆ. ಕಳ್ಳಿ!

ಅದರಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ತಪ್ಪೊಪ್ಪಿಗೆ ಒಂದಿದೆ. ಮಾಡಬೇಕಾದ್ದನ್ನು ಮಾಡದೆ ಬಿಟ್ಟೆವು, ಮಾಡಬಾರದ್ದನ್ನು ಮಾಡಿದೆವು ಅಂತ ಬರುತ್ತದೆ. ಮೊದಲು ಬಿಟ್ಟದ್ದು, ಆಮೇಲೆ ಮಾಡಿದ್ದು. ಎಷ್ಟೋ ವಾರ ಅಜ್ಜಿಯ ಪರವಾಗಿ ಓದಿದೆ. ಒಂದು ಭಾನುವಾರ ಆ ಮೊದಲ ಸಾಲಿಗೆ ಬಂದಾಗ ಗಂಟಲು ಕಟ್ಟಿತು. ಅಜ್ಜಿ ತಲೆ ಎತ್ತಲಿಲ್ಲ. ಮುಂದಿನ ಸಾಲನ್ನು ತಾವೇ ಹೇಳಿಕೊಂಡು ಹೋದರು.

ಹಳೇ ಆಫೀಸಿನ ವಿಷಯ ನಿಮಗೆ ಹೇಳಿಯೇ ಇಲ್ಲ. ಲೆಕ್ಕದಲ್ಲಿ ತಪ್ಪಾಗಿದ್ದು ನನ್ನಿಂದ. ಹೊಸದಾಗಿ ಸೇರಿದ್ದ ಹುಡುಗನದು ಅಂದುಕೊಂಡರು. ನಾನು ಸುಳ್ಳು ಹೇಳಲಿಲ್ಲ, ಸುಮ್ನೆ ಇದ್ದೆ. ಅವನು ಕೆಲಸ ಬಿಟ್ಟು ಹೋದ. ತಪ್ಪಾದ್ರೆ ಒಪ್ಕೋ, ಸರಿಮಾಡು ಅಂತ ಅಪ್ಪ ಹೇಳಿಕೊಟ್ಟಿದ್ದಿರಿ. ಸರಿಮಾಡೋಕೆ ಆಗದೇ ಇದ್ದರೆ ಏನು ಮಾಡಬೇಕು ಅಂತ ನಾನೂ ಕೇಳಿರಲಿಲ್ಲ. ಆ ವಾರ ಅವನಿಗೂ ಆಫೀಸಿಗೂ ನಿಜ ಬರೆದೆ. ಆಫೀಸಿನಿಂದ ಒಂದು ಸಾಲು ಬಂತು. ಅವನಿಂದ ಇವತ್ತಿಗೂ ಏನೂ ಇಲ್ಲ. ಬರಬೇಕು ಅಂತ ಕೇಳೋ ಹಕ್ಕೂ ನನಗಿಲ್ಲ.

ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ನನ್ನನ್ನು ಪೂರ್ತಿ ಬಲ್ಲವರೊಬ್ಬರ ಮುಂದೆ ಕೂತಿದ್ದೇನೆ, ಅವರು ಎದ್ದು ಹೋಗುತ್ತಿಲ್ಲ ಅನ್ನಿಸಿತು. ತಪ್ಪು ಸಣ್ಣದಾಗಲಿಲ್ಲ. ಅದನ್ನು ಬಚ್ಚಿಡೋ ಕೆಲಸ ಮಾತ್ರ ಮುಗಿಯಿತು.

ಆಮೇಲೆ ಮಾರ್ಕನ ಸುವಾರ್ತೆ ಓದಿದೆ. ಬೈಬಲಿನಲ್ಲಿ ಏಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ತಂದ ಒಬ್ಬ ಅಪ್ಪ ಇದ್ದಾನೆ. ನಂಬುತ್ತೇನೆ, ನಂಬಲಾರದ ನನಗೆ ಸಹಾಯ ಮಾಡು ಅಂತಾನೆ. ಪೂರ್ತಿ ನಂಬಿಕೆ ಬಂದಮೇಲೆ ಬಾ ಅಂತ ಏಸು ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗನನ್ನು ವಾಸಿ ಮಾಡಿದ. ಸತ್ತ ಏಸು ಎದ್ದು ಬಂದ ಅನ್ನೋದನ್ನು ಒಪ್ಪೋಕೆ ನನಗೆ ತಿಂಗಳುಗಟ್ಟಲೆ ಹಿಡಿಯಿತು. ನಿಮ್ಮ ಮಗಳು ನೋಡಿ, ಸುಲಭಕ್ಕೆ ಒಪ್ಪಲ್ಲ. ಈಗಲೂ ಕೆಲವು ದಿನ ಆ ಅಪ್ಪನ ಮಾತೇ ನನ್ನ ಪ್ರಾರ್ಥನೆ.

ಅಮ್ಮಾ, ಹೆಸರು ಬದಲಾಯಿಸಿಕೊಳ್ಳಲ್ಲ. ದೀಕ್ಷಾಸ್ನಾನ ಇನ್ನೂ ಆಗಿಲ್ಲ. ನಿಮಗೆ ತಿಳಿಸದೆ ಮಾಡಿಸಿಕೊಳ್ಳೋದು ಬೇಡ ಅನ್ನಿಸಿತು. ದೇವರ ಕೋಣೆಯಲ್ಲಿ ದೇವರ ಬದಲು ಪುಸ್ತಕ ಜೋಡಿಸಿಟ್ಟ ಮನೆಯಲ್ಲಿ ಬೆಳೆದದ್ದಕ್ಕೆ ನನಗೆ ಬೇಜಾರೂ ಇಲ್ಲ. ನಿಮಗೆ ಬೇಜಾರಾದರೆ ಬೈದು ಬರೆಯಿರಿ, ಮಾತು ಮಾತ್ರ ಬಿಡಬೇಡಿ.

ಅಪ್ಪಾ, ಆ ಕೋಣೆಯಲ್ಲೇ ನಿಮ್ಮ ಕಿಟೆಲ್ ನಿಘಂಟು ಇದೆ. 1894ರಲ್ಲಿ ಮೊದಲು ಅಚ್ಚಾಯಿತು ಅಂತ ಬಂದವರಿಗೆಲ್ಲ ಹೇಳ್ತೀರಿ. ಕಿಟೆಲ್ ಬಾಸೆಲ್ ಮಿಷನ್ನಿನ ಪಾದ್ರಿ ಅನ್ನೋದನ್ನು ಮಾತ್ರ ಬೇಗ ದಾಟಿಸಿಬಿಡ್ತೀರಿ! ಅದರಲ್ಲಿ ನಂಬು ಅನ್ನೋ ಪದಕ್ಕೆ ಏನೇನು ಅರ್ಥ ಕೊಟ್ಟಿದ್ದಾರೆ ನೋಡಿ. ಶನಿವಾರ ಫೋನ್ ಮಾಡ್ತೀನಿ, ಓದಿ ಹೇಳಿ.

ನಿಮ್ಮ ಮಗಳು